ಸಾರಿಸಿದ ಗೋಡೆಗಳು

ಆ ಅಡ್ಡಗೀಟನ್ನು ಯಾರಾದರೂ ಕೈಯಲ್ಲಿ ಎಳೆದಿದ್ದರೆ ವಿಶಾಖಾಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಕೈಯಲ್ಲಿ ಎಳೆದ ಗೆರೆಯಲ್ಲಿ ಅವಸರ ಕಾಣುತ್ತದೆ, ಎಳೆದವನು ಒಂದು ಗಳಿಗೆಯಾದರೂ ಅನುಮಾನಿಸಿದ್ದನೆಂದು ನಂಬಲು ಜಾಗ ಇರುತ್ತದೆ. ಇದು ಅಚ್ಚುಮೊಳೆಯ ಗೀಟು. 1961ರ ಜನಗಣತಿಯ ಜಿಲ್ಲಾ ಪುಸ್ತಕದಲ್ಲಿ, ದೇವದುರ್ಗ ತಾಲ್ಲೂಕಿನ ಊರುಗಳ ಸಾಲಿನಲ್ಲಿ, ಗೂಗಿಹಾಳ ಎಂಬ ಹೆಸರಿನ ಮುಂದೆ ಮನೆಗಳೆಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು, ಓದು ಬಲ್ಲವರೆಷ್ಟು ಎಂದು ಅಂಕಿಗಳು ಒಂದರ ಪಕ್ಕ ಒಂದು ನಿಂತಿದ್ದವು. ಪರಿಶಿಷ್ಟ ಜಾತಿ ಎಂಬ ಕಾಲಂನಲ್ಲಿ ಮಾತ್ರ ಆ ಗೀಟು ಮಲಗಿತ್ತು. ಅದರ ಮೇಲೆ ಬೆರಳಿಟ್ಟಳು. ಬೆರಳಿಗೆ ಏನೂ ತಗಲಲಿಲ್ಲ. ಹಾಗಾದರೆ ಗೂಗಿಹಾಳದ ಕೇರಿಯಲ್ಲಿ ಹುಟ್ಟಿ ಆ ವರ್ಷ ಹನ್ನೆರಡರ ಹುಡುಗಿಯಾಗಿದ್ದ ತನ್ನ ಆಯಿ, ಅವ್ವನ ಅವ್ವ ಗೋಪಮ್ಮ, ಎಲ್ಲಿಗೆ ಹೋಗಿದ್ದಳು? ಗೋಪಮ್ಮನ ಅಪ್ಪ ಸೂಗಪ್ಪ, ಅವ್ವ ಭೀಮವ್ವ, ಅವರ ಎಡಬಲದ ಮನೆಗಳವರು, ಅವರ ಕೋಳಿ, ಕೂಸುಗಳು ಎಲ್ಲಿಗೆ ಹೋಗಿದ್ದವು? ಅಚ್ಚು ಹಾಕುವವನಿಗೆ ಅಷ್ಟು ಸಣ್ಣ ಗೀಟು ಎಲ್ಲಿ ಸಿಕ್ಕಿತ್ತು?

ಗ್ರಂಥಾಲಯದ ಮೌನೇಶ ಸಭ್ಯ ಮನುಷ್ಯ. ಬೆಳಿಗ್ಗೆ ಮಾನ್ವಿಯಿಂದ ರಾಯಚೂರಿಗೆ ಬಂದಿಳಿದು, ತಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆಂದು ಅವಳು ಹೇಳಿದಾಗ ತಾನೇ ಕುರ್ಚಿ ಎಳೆದು ಕೊಟ್ಟಿದ್ದ, ಫ್ಯಾನು ಹಾಕಿದ್ದ. ಮುತ್ಯಾ ಸೂಗಪ್ಪನ ಹೆಸರು ಜನಗಣತಿಯಲ್ಲಿ ಹುಡುಕಬೇಕಾಗಿದೆ ಎಂದಾಗ ಅವನು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. "ಇದರಾಗ ಹೆಸರು ಇರಂಗಿಲ್ರಿ ಮೇಡಂ," ಎಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದ. "ಮನಿಮನಿಗೆ ಹೋಗಿ ಬರಕೊಂಡ ಹಾಳಿ ಗುಟ್ಟು ಇರ್ತದ. ಯಾರಿಗೂ ತೋರಸಂಗಿಲ್ಲ. ಲೆಕ್ಕ ಕೂಡಿಸಿದ ಮ್ಯಾಲ ಆ ಹಾಳಿ ಇಟ್ಟಕೊಳ್ಳಂಗೂ ಇಲ್ಲಂತ. ಪುಸ್ತಕದಾಗ ಬರೇ ಮೊತ್ತ." ಇತಿಹಾಸದಲ್ಲಿ ಎಂ.ಎ. ಮಾಡಿದವಳಿಗೆ ಇದು ಗೊತ್ತಿರಲಿಲ್ಲವೇ ಎಂದು ಅವನು ಕೇಳಲಿಲ್ಲ. ಕೇಳದೆ ಇದ್ದದ್ದು ಅವಳ ಕಿವಿಯಲ್ಲಿ ಕೇಳಿಸಿತು. ಗೊತ್ತಿರಲಿಲ್ಲ. ಬೇರೆ ದೇಶದ ಜನ ತಮ್ಮ ಮುತ್ತಜ್ಜನ ಹೆಸರು, ವಯಸ್ಸು, ಕಸುಬು ಎಲ್ಲ ಇರುವ ಹಳೆಯ ಗಣತಿಯ ಹಾಳೆಯನ್ನು ಫೋನಿನಲ್ಲಿ ತೋರಿಸಿ ಕಣ್ಣೀರು ಹಾಕುವುದನ್ನು ನೋಡಿದ್ದಳು. ಎಣಿಸಿದವರು ಹೆಸರನ್ನು ಎಲ್ಲೋ ಇಟ್ಟೇ ಇರುತ್ತಾರೆ ಎಂದು ನಂಬಿದ್ದಳು. ಮೌನೇಶ ದಪ್ಪ ಪುಸ್ತಕವನ್ನು ಅವಳ ಮುಂದೆ ಇಡುತ್ತ, "ಯಾವ ಮನೆತನ ನಿಮ್ಮದು? ಗೌಡ್ರ ಪೈಕಿ ಆದ್ರ ಬ್ಯಾರೆ ಕಾಗದ ಸಿಗ್ತಾವ್ರಿ. ಇನಾಮು, ಸನದು, ಅಂಥಾವು," ಎಂದ. "ಅಲ್ರಿ. ಕೇರಿಯವರು," ಎಂದಳು. "ಹಾಂ," ಎಂದ. ಆಮೇಲೂ ಮೇಡಂ ಎಂದೇ ಕರೆದ. ಆದರೆ ಮೇಜಿನ ಮೇಲಿದ್ದ ತನ್ನ ನೀರಿನ ಬಾಟಲಿಯನ್ನು ಆ ಬದಿಯಿಂದ ಈ ಬದಿಗೆ ಸರಿಸಿಕೊಂಡ. ಪುಸ್ತಕಕ್ಕೆ ಜಾಗ ಮಾಡಲು ಸರಿಸಿದನೋ ಏನೋ. ಈ 'ಏನೋ'ವಿನಲ್ಲಿಯೇ ತನ್ನ ಅರ್ಧ ಆಯುಷ್ಯ ಕಳೆಯಿತು ಎಂದು ಅವಳಿಗೆ ಅನ್ನಿಸಿತು. ನೇರವಾಗಿ ಬೈದವರನ್ನು ಮರೆಯಬಹುದು. ಬಾಟಲಿ ಸರಿಸಿದವರನ್ನು ಮನೆಗೆ ಬಂದ ಮೇಲೂ ವಿಚಾರಿಸುತ್ತ ಕೂರಬೇಕಾಗುತ್ತದೆ.

ಇವತ್ತೇ ಮಧ್ಯಾಹ್ನ ದೇವದುರ್ಗದಲ್ಲಿ ವಿಚಾರಣೆ. ಗೂಗಿಹಾಳದ ಹಳ್ಳದ ದಂಡೆಯಲ್ಲಿ ಕೇರಿಯವರು ತಮ್ಮ ಸತ್ತವರನ್ನು ಹುಗಿಯುವ ಜಾಗಕ್ಕೆ ಅಕ್ಕಿ ಗಿರಣಿಯ ವಿರೂಪಣ್ಣ ಕಲ್ಲುಕಂಬ ನೆಟ್ಟು ತಂತಿ ಎಳೆಸಿದ್ದರು. ಅದು ತಮ್ಮ ಹೊಲದ ಅಂಚು, ಕೇರಿಯ ಜನಕ್ಕೆ ಹಿಂದಿನಿಂದ ಬಂದ ಹಕ್ಕೇನೂ ಇಲ್ಲ, ಅವರು ಚಂದ್ರಬಂಡದ ಕಡೆಯಿಂದ ಕೂಲಿಗೆಂದು ಬಂದು ಆಮೇಲೆ ನೆಲೆಸಿದವರು ಎಂದು ಅವರ ವಕೀಲ ಹೋದ ಸಲ ವಾದಿಸಿದ್ದ. ಬೇಕಾದರೆ ಸರ್ಕಾರದ ಗಣತಿಯ ಪುಸ್ತಕ ನೋಡಿ ಎಂದಿದ್ದ. ಅದನ್ನು ಫೋನಿನಲ್ಲಿ ಹೇಳಿದ ಅಮರೇಶ ಮಾಮಾನಿಗೆ, ಅವಳ ಅವ್ವನ ತಮ್ಮನಿಗೆ, ವಿಶಾಖಾ ಎಷ್ಟು ಧೈರ್ಯದಿಂದ ಹೇಳಿದ್ದಳು: ನೋಡೇಬಿಡೋಣ ಮಾಮಾ, ಪುಸ್ತಕ ನಾ ತರ್ತೀನಿ, ಅದರಾಗ ಎಲ್ಲಾ ಸಿಗ್ತದ. ಆ ದಂಡೆಯಲ್ಲಿ ಸೂಗಪ್ಪ ಇದ್ದಾನೆ, ಭೀಮವ್ವ ಇದ್ದಾಳೆ. ಅವಳ ಅವ್ವ ಕಲ್ಯಾಣಿ ಇದ್ದಾಳೆ. ಅವ್ವನ ತಲೆಯ ಕಡೆ ಇಟ್ಟ ಕಲ್ಲು ಈಗ ತಂತಿಯ ಒಳಗೆ ಉಳಿದಿದೆ. ಹೋದ ವಾರ ಹೋದಾಗ ವಿಶಾಖಾ ತಂತಿಯ ಈಚೆ ನಿಂತು, ಬುದ್ಧವಂದನೆಯ ಮಾತುಗಳನ್ನು ಬಾಯಲ್ಲೇ ಹೇಳಿಕೊಂಡು, ಯಾರದೋ ಹೊಲಕ್ಕೆ ಕದ್ದು ನುಗ್ಗಿದವಳಂತೆ ಅತ್ತಿತ್ತ ನೋಡಿ ಬಂದಿದ್ದಳು. ತನ್ನ ಅವ್ವನನ್ನು ನೋಡಲು ತಾನೇಕೆ ಅತ್ತಿತ್ತ ನೋಡಬೇಕಿತ್ತು?

ಪುಟದ ಜೆರಾಕ್ಸ್ ಮಾಡಿಸಿ ಮಡಚಿ ಚೀಲದಲ್ಲಿಟ್ಟುಕೊಂಡಳು. 1951ರ ಪುಸ್ತಕ ಕೇಳಿದ್ದಕ್ಕೆ ಮೌನೇಶ ಅದನ್ನೂ ಕೊಟ್ಟಿದ್ದ. ಅದರಲ್ಲಿ ಊರಿಗೆ ಊರೇ ಒಂದು ಮೊತ್ತವಾಗಿತ್ತು, ಕೇರಿ ಬೇರೆಯಾಗಿ ಕಾಣಲಿಲ್ಲ. 1971ರಲ್ಲಿ ಕೇರಿ ಇತ್ತು, ನೂರರ ಮೇಲೆ ಜನ. ಎರಡರ ನಡುವೆ ಗೀಟು. ವಿರೂಪಣ್ಣನ ವಕೀಲನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ: ನೋಡಿ, ಇರಲಿಲ್ಲ, ನೋಡಿ, ಆಮೇಲೆ ಬಂದರು. ಬಸ್ಸು ಕಲ್ಮಲಾ ದಾಟಿ ಗಬ್ಬೂರಿನ ಕಡೆ ಓಡುತ್ತಿತ್ತು. ಹತ್ತಿ ಬಿಡಿಸುವ ಹೆಂಗಸರು ತಲೆಗೆ ಅಂಗಿಬಟ್ಟೆ ಸುತ್ತಿಕೊಂಡು ಸಾಲಾಗಿ ಬಗ್ಗಿದ್ದರು. ಬಸ್ಸಿನ ವೇಗಕ್ಕೆ ಅವರನ್ನು ಎಣಿಸಲು ಹೋಗಿ, ತಪ್ಪಿ, ಬಿಟ್ಟಳು. ಅವ್ವ ಎಣಿಸುತ್ತಿರಲಿಲ್ಲ. ಬುಟ್ಟಿಯಲ್ಲಿ ರೊಟ್ಟಿ ಎಷ್ಟಿವೆ ಎಂದು ಯಾರಾದರೂ ಬೆರಳು ಮಾಡಿದರೆ ಕೈಯನ್ನು ಮೆಲ್ಲಗೆ ಹೊಡೆಯುತ್ತಿದ್ದಳು. ಮಕ್ಕಳನ್ನಂತೂ ಎಣಿಸಲೇಬಾರದು, ಎಲ್ಲರೂ ಬಂದ್ರೇನು ಎಂದಷ್ಟೇ ಕೇಳಬೇಕು. ಶಾಲೆಯಲ್ಲಿ ಗಣಿತ ಚೆನ್ನಾಗಿ ಬರುತ್ತಿದ್ದ ವಿಶಾಖಾ ಇದನ್ನು ಮೂಢನಂಬಿಕೆ ಎಂದು ಅವ್ವನ ಎದುರಿಗೇ ಹೇಳಿ ನಕ್ಕಿದ್ದಳು. ಅವ್ವ, ಹೌದವ್ವಾ, ಮೂಢರ ನಾವು, ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದ್ದಳು. ಪಕ್ಕದ ಸೀಟಿನ ಮುದುಕ ಕಿಟಕಿ ಸರಿಸೆಂದು ಸನ್ನೆ ಮಾಡಿದ. ಸರಿಸಿದಳು. ಬಿಸಿಗಾಳಿಗೆ ಕಣ್ಣು ಉರಿಯಿತು. ಎಣಿಸಲು ಬಂದವನಾದರೂ ಕುರುಡನಾಗಿದ್ದನೇ? ಒಂದು ಕೇರಿ ಅನ್ನುವುದು ಬೆಳಗಿನ ಹೊಗೆ, ನಾಯಿ, ಕೆಮ್ಮು, ಕೂಸಿನ ಅಳು. ಅಷ್ಟನ್ನೂ ಒಂದು ಕಾಲಂನಿಂದ ಹೊರಗಿಡಬೇಕಾದರೆ ಮನುಷ್ಯ ಎಷ್ಟು ಕಷ್ಟಪಡಬೇಕು.

ದೇವದುರ್ಗದ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಗೋಪಮ್ಮ ಕಾಲು ಮೇಲೆತ್ತಿ ಕೂತಿದ್ದಳು, ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತ. ಅಮರೇಶ ತನ್ನ ಟಂಟಂ ಗಾಡಿಯನ್ನು ನೆರಳಿಗೆ ಹಚ್ಚಿ ಬಂದ. "ಏನ್ ಪ್ರೊಫೆಸರ್, ಮುತ್ಯಾ ಸಿಕ್ಕನೇನು?" ಎಂದು ನಗುತ್ತ ಕೇಳಿದ. ಅವಳು ಜೆರಾಕ್ಸ್ ಬಿಚ್ಚಿ ತೋರಿಸಿದಳು. ಅವನ ನಗು ನಿಧಾನವಾಗಿ ಹೋಯಿತು.

"ಇದೇನು? ನಮ್ಮದು ಖಾಲಿ ಬಿಟ್ಟಾರಲ್ಲ."

"ಖಾಲಿ ಅಲ್ಲ ಮಾಮಾ. ಯಾರೂ ಇಲ್ಲ ಅಂತ ಬರದಾರ."

"ಯಾರೂ ಇಲ್ಲ ಅಂದ್ರ? ಊರಾಗ ಸತ್ತ ದನ ಯಾರು ಎಳೀತಿದ್ರಂತ? ಅವರ ಅಪ್ಪಗೋಳೇನು?" ಅಮರೇಶನ ದನಿ ಏರಿತು. ಚಹಾದಂಗಡಿಯವನು ತಿರುಗಿ ನೋಡಿದ. ವಿಶಾಖಾ, ಮೆಲ್ಲಗ ಮಾಮಾ, ಎಂದಳು. ಅಂದ ಕೂಡಲೇ ತನ್ನ ಮೇಲೆ ಬೇಸರವಾಯಿತು.

ಗೋಪಮ್ಮ ಬಸಿ ಕೆಳಗಿಟ್ಟಳು. "ಅದು ಅವ್ವ ಮಾಡಿದ್ದು," ಎಂದಳು.

"ಯಾವ ಅವ್ವ?"

"ನಮ್ಮ ಅವ್ವ, ಭೀಮವ್ವ. ಗ್ವಾಡಿ ಸಾರಿಸಿದ್ವಿ ಅಲ್ಲ, ಅದಕ್ಕ."

ಅವಳು ಹೇಳಿದ್ದು ಇಷ್ಟು. ನಿಜಾಮನ ಕಾಲದಲ್ಲಿ, ಗೋಪಮ್ಮ ಹುಟ್ಟುವ ಮೊದಲು, ಯಾರೋ ಬಂದು ಕೇರಿಯ ಮನೆಗಳ ಗೋಡೆಗೆ ಕೆಮ್ಮಣ್ಣಿನ ಗುರುತು ಹಚ್ಚಿ ಹೋಗಿದ್ದರು. ಆಮೇಲೆ ಗುರುತಿಗೊಂದು ಆಳಿನಂತೆ ಗಂಡಸರನ್ನು ರಸ್ತೆಯ ಕೆಲಸಕ್ಕೆ ಬಿಟ್ಟಿಯಾಗಿ ಹಿಡಿದುಕೊಂಡು ಹೋದರು. ಭೀಮವ್ವನ ಅಣ್ಣ ಹಾಗೆ ಹೋದವನು ಬರಲಿಲ್ಲ. ಗೋಪಮ್ಮ ಹನ್ನೆರಡರವಳಿದ್ದಾಗ ಮತ್ತೆ ಗೋಡೆಗೆ ನಂಬರು ಬಂತು. ಹಚ್ಚಿದವನು ಊರ ತಳವಾರ. ಬರೆದುಕೊಳ್ಳುವ ಮಾಸ್ತರ ಬರುತ್ತಾನೆ, ಎಲ್ಲರೂ ಮನೆಯಲ್ಲಿರಬೇಕು ಎಂದು ಕೂಗಿ ಹೋದ. ಅವತ್ತು ಅಮಾಸಿಯಲ್ಲ, ಹಬ್ಬವಲ್ಲ. ಭೀಮವ್ವ ಸಗಣಿ ಕಲಸಿದಳು. ಅವಳನ್ನು ನೋಡಿ ಪಕ್ಕದವಳು ಕಲಸಿದಳು. ಸಂಜೆಯೊಳಗೆ ಕೇರಿಯ ಗೋಡೆಗಳೆಲ್ಲ ಸಾರಿಸಿ ಹಸಿಹಸಿ ನಿಂತವು, ಒಂದರ ಮೇಲೂ ನಂಬರಿಲ್ಲ.

"ಮರುದಿನ ಮಾಸ್ತರ ಬಂದ. ಬೇವಿನ ಗಿಡದ ಹತ್ರನ ನಿಂತ. ಕೇರಿಯಾಗ ಕಾಲಿಡಲಿಲ್ಲ. ನಾವೆಲ್ಲಾ ಬಾಗಲದಾಗ ನಿಂತಿದ್ವಿ, ನಾನೂ ನಿಂತಿದ್ದೆ. ನಮ್ಮನ್ನ ನೋಡಿದ. ಗ್ವಾಡಿ ನೋಡಿದ. ತಳವಾರಗ ಏನೋ ಕೇಳಿದ. ಹೋದ." ಗೋಪಮ್ಮ ಬೊಚ್ಚು ಬಾಯಿ ಬಿಟ್ಟು ನಕ್ಕಳು. "ಅವ್ವಗ ಏನ್ ಖುಷಿ ಅಂತೀ. ಅವತ್ತ ಸಜ್ಜಿ ರೊಟ್ಟಿಗೆ ಬೆಲ್ಲ ಕೊಟ್ಟಿದ್ಲು. ಮತ್ತ ಇನ್ನೊಂದದ, ಆವತ್ತ ಸಂಜೀಕ..."

"ಸಾಕು ಆಯಿ," ಎಂದಳು ವಿಶಾಖಾ. "ಇದನ್ನ ಒಳಗ ಹೇಳಬ್ಯಾಡ."

"ಯಾಕ?"

"ಬ್ಯಾಡ ಅಂದ್ನಲ್ಲ. ನಾವಾ ಅಳಿಸಿದ್ವಿ ಅಂದ್ರ ಅವರಿಗೆ ಇನ್ನೂ ಚಲೋ ಆತು. ಈ ಹಾಳಿನೂ ಕೊಡೋದು ಬ್ಯಾಡ. ನಾ ಬ್ಯಾರೆ ಏನರೆ ಹೇಳ್ತೀನಿ. ನೀ ಸುಮ್ಮನಿರು."

ಗೋಪಮ್ಮ ಮೊಮ್ಮಗಳ ಮುಖವನ್ನು ನೋಡಿದಳು, ಬಿಸಿಲಿನಲ್ಲಿ ದೂರದ ಬಸ್ಸಿನ ಬೋರ್ಡು ಓದಲು ನೋಡುವವರಂತೆ. ಆಮೇಲೆ, "ಆಗ್ಲಿ ತಾಯಿ. ಓದಿದಾಕಿ ನೀನು," ಎಂದು ಕಾಲು ಇಳಿಬಿಟ್ಟು ಚಪ್ಪಲಿ ಹುಡುಕಿದಳು. ಅದರಲ್ಲಿ ಕುಟುಕಿರಲಿಲ್ಲ. ಕುಟುಕಿದ್ದರೆ ತಡೆದುಕೊಳ್ಳಬಹುದಿತ್ತು. ಕಚೇರಿಯ ತನಕ ನಡೆಯುತ್ತ ವಿಶಾಖಾಳ ಸಿಟ್ಟು ಒಂದು ಕಡೆ ನಿಲ್ಲಲಿಲ್ಲ. ಮೊದಲು ಭೀಮವ್ವನ ಮೇಲೆ ಹೋಯಿತು: ಒಂದು ಬುಟ್ಟಿ ಸಗಣಿಯಲ್ಲಿ ತನ್ನವರೆಲ್ಲರನ್ನೂ ಮುಚ್ಚಿಹಾಕಿದ ಹೆಂಗಸು. ಆಮೇಲೆ ಹೋದವನು ಮರಳಿ ಬರದ ಆ ಅಣ್ಣನ ನೆನಪಾಯಿತು, ಅವನಿಗೆ ಹೆಸರೂ ಇಲ್ಲ, ಕೇಳಲಿಲ್ಲ ತಾನು. ಆಮೇಲೆ ಬೇವಿನ ಗಿಡದ ಕೆಳಗೆ ನಿಂತ ಮಾಸ್ತರ. ನೋಡಿದ್ದನಲ್ಲ. ಅವನೇನು ಗೋಡೆಯ ನಂಬರುಗಳನ್ನು ಎಣಿಸಲು ಬಂದಿದ್ದನೇ, ಮನುಷ್ಯರನ್ನು ಎಣಿಸಲು ಬಂದಿದ್ದ. ಬಾಗಿಲಲ್ಲಿ ನಿಂತ ಹುಡುಗಿಯೊಬ್ಬಳು ಅವನನ್ನೇ ನೋಡುತ್ತಿದ್ದಳು. ಎರಡು ಹೆಜ್ಜೆ ಒಳಗೆ ಬಂದು, ನಿನ್ನ ಹೆಸರೇನು ಎಂದು ಕೇಳುವುದು ಅವನ ಕೆಲಸವಾಗಿತ್ತು. ಅವನು ಒಳಗೆ ಬರಲಿಲ್ಲ ಎಂಬುದಕ್ಕೆ ಆ ಪುಸ್ತಕದಲ್ಲಿ ಯಾವ ಕಾಲಂ ಇದೆ? ಕಚೇರಿಯ ಮೆಟ್ಟಿಲ ಹತ್ತಿರ ಬರುವಾಗ ಸಿಟ್ಟಿಗೆ ಹೋಗಲು ಬೇರೆ ಜಾಗ ಉಳಿದಿರಲಿಲ್ಲ. ಅರವತ್ತು ವರ್ಷಗಳ ಮೇಲೆ ಒಬ್ಬರು ಬಾಯಿ ತೆರೆದಾಗ ಸುಮ್ಮನಿರು ಎಂದವಳು ತಾನು. ಅದೂ ಅವರನ್ನು ಹುಡುಕಲು ಬೆಳಿಗ್ಗೆ ಎದ್ದು ಹೊರಟವಳು.

ವಿಚಾರಣೆಯ ಕೋಣೆ ಸಣ್ಣದು. ಅಧಿಕಾರಿ ಎಳೆಯ ವಯಸ್ಸಿನವನು, ಎದುರಿಗೆ ಕಡತಗಳ ಗುಡ್ಡೆ. ಪಕ್ಕದಲ್ಲಿ ಟೈಪು ಮಾಡುವವನು. ಗೋಡೆಯ ಬದಿಯ ಕುರ್ಚಿಯಲ್ಲಿ ವಿರೂಪಣ್ಣ ಎರಡೂ ಕೈಯನ್ನು ಬೆತ್ತದ ಮೇಲಿಟ್ಟು ಕೂತಿದ್ದರು. ಹಣೆಯಲ್ಲಿ ವಿಭೂತಿ, ಇಸ್ತ್ರಿಯ ಧೋತರ. ಗೋಪಮ್ಮನನ್ನು ನೋಡಿ, "ಅರಾಮದೀ ಏನ್ ಗೋಪವ್ವ?" ಎಂದರು. "ಅದೀನ್ರಿ ಧಣಿ," ಎಂದಳು ಅವಳು, ಅಭ್ಯಾಸದಿಂದ ಗೋಡೆಗೆ ಒತ್ತಿ ನೆಲದ ಮೇಲೆ ಕೂರಲು ಹೋದಳು. ಅಮರೇಶ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿದ.

"ದಾಖಲೆ ತರ್ತೀವಿ ಅಂದಿದ್ರಿ," ಎಂದ ಅಧಿಕಾರಿ. ವಿಶಾಖಾ ಚೀಲದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ಅಷ್ಟರಲ್ಲಿ ವಕೀಲ ತಾನೇ ಒಂದು ಹಾಳೆಯನ್ನು ಮೇಜಿನ ಮೇಲೆ ಹರಡಿದ. ಅದೇ ಪುಟ. ಗೀಟಿನ ಸುತ್ತ ಹಳದಿ ಬಣ್ಣ ಹಚ್ಚಿದ್ದ.

"ಮೇಡಂ ಅವರಿಗೆ ಸಿಕ್ಕಿಲ್ಲ ಅಂತ ಕಾಣಿಸ್ತದ. ನಮಗ ಸಿಕ್ಕದ ಸರ್. ಅರವತ್ತೊಂದರಾಗ ಗೂಗಿಹಾಳದಾಗ ಈ ಜನ ಒಬ್ಬರೂ ಇದ್ದಿಲ್ಲ. ಇದ್ದೇ ಇಲ್ಲ ಅಂದಮ್ಯಾಲ ಸಾಯೋದು ಹೆಂಗ, ಹುಗಿಯೋದು ಹೆಂಗ ಸರ್?"

ಬಾಗಿಲ ಹತ್ತಿರ ನಿಂತಿದ್ದ ಇಬ್ಬರು ನಕ್ಕರು. ಟೈಪಿನವನೂ ತುಟಿ ಬಿಗಿಹಿಡಿದ. ವಿಶಾಖಾ ಎದ್ದು ನಿಂತಳು. ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳು, ದಾಖಲೆಗಳ ಮಿತಿ, ಇತಿಹಾಸದ ಆಧಾರಗಳು, ತರಗತಿಯಲ್ಲಿ ಸರಾಗ ಬರುವ ಎಲ್ಲವೂ ಇಲ್ಲಿ ಕೆಲಸಕ್ಕೆ ಬಾರದವಾದವು. ಆ ನಗುವಿನಲ್ಲಿ ಹೊಸದೇನೂ ಇರಲಿಲ್ಲ. ಅವಳಿಗೆ ಎದುರಿಗೆ ಕಾಣುತ್ತಿದ್ದದ್ದು ಹಳದಿ ಬಣ್ಣ. ಯಾರೋ ಕೂತು, ಜೋಪಾನವಾಗಿ, ಅವಳ ಅವ್ವ ಮಲಗಿದ ಜಾಗದ ಮೇಲೆ ಅದನ್ನು ಹಚ್ಚಿದ್ದರು. ಅವಳು ಹಿಂದೆ ತಿರುಗಿದಳು.

"ಆಯಿ, ನಾ ತಪ್ಪು ಹೇಳಿದೆ. ಹೇಳು ನೀನು. ಎಲ್ಲಾ ಹೇಳು."

ಗೋಪಮ್ಮ ಎದ್ದಳು. ಚಹಾದಂಗಡಿಯಲ್ಲಿ ಹೇಳಿದ್ದನ್ನೇ ಹೇಳಿದಳು, ಅಲ್ಲಿ ನಕ್ಕ ಜಾಗದಲ್ಲಿ ಇಲ್ಲಿಯೂ ನಕ್ಕಳು. ವಕೀಲ ತಡೆಯದೆ ಕೇಳಿಸಿಕೊಂಡು, ಕೊನೆಗೆ ಅಧಿಕಾರಿಯ ಕಡೆ ತಿರುಗಿ, "ಅಂದ್ರ ಸರ್ಕಾರಕ್ಕ ಸುಳ್ಳು ಹೇಳಿದ್ವಿ ಅಂತ ಇವರೇ ಒಪ್ಪಿಕೊಂಡಂಗಾತಲ್ರಿ," ಎಂದ.

"ಸುಳ್ಳು ಎಲ್ಲಿ ಹೇಳಿದ್ವಿ ಯಪ್ಪಾ?" ಎಂದಳು ಗೋಪಮ್ಮ. "ಅಂವ ಕೇಳಲೇ ಇಲ್ಲಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟ. ಅವಳು ವಿರೂಪಣ್ಣನ ಕಡೆ ಎರಡು ಹೆಜ್ಜೆ ಹೋದಳು, ಬೆತ್ತದ ತುದಿಯ ತನಕ. "ಧಣಿ, ಮಾಸ್ತರ ಬಂದು ಹೋದ ದಿನ ಸಂಜೀಕ ನಿಮ್ಮ ಮನಿಯಿಂದ ಕರಿ ಬಂತು. ನಮ್ಮ ಗ್ವಾಡಿ ಇನ್ನ ಹಸಿನ ಇದ್ವು. ನಿಮ್ಮ ಅವ್ವ ಶಿವಬಸಮ್ಮ ತೀರಿಕೊಂಡಿದ್ರು. ನೀವು ಕಟ್ಟಿ ಮ್ಯಾಲ ಕುಂತು ಅಳಾಕತ್ತಿದ್ರಿ. ನಾ ನಿಮ್ಮನ್ನ ನೋಡಿದೆ, ಅಪ್ಪನ ಬೆನ್ನಹಿಂದ ಕಂದೀಲು ಹಿಡಕೊಂಡು ಬಂದಿದ್ದೆ. ಅವರಿಗೆ ಗುಂಡಿ ತೋಡಿದವರು ಯಾರು?"

ವಿರೂಪಣ್ಣ ಬೆತ್ತದ ಮೇಲಿನ ಕೈಗಳನ್ನು ಅದಲುಬದಲು ಮಾಡಿದರು.

"ಯಾವುದೋ ಕಾಲದ ಕಥಿ ಸರ್," ಎಂದ ವಕೀಲ. "ಯಾವ ವರ್ಷ ಅನ್ನೋದಕ್ಕ ಏನ್ ಆಧಾರ?"

ವಿಶಾಖಾಳಿಗೆ ಗೂಗಿಹಾಳದ ಒಂದು ದಾರಿ ಕಂಡಿತು. ರಜೆಗೆ ಊರಿಗೆ ಹೋದಾಗ ಆಯಿಯೊಡನೆ ಹೊಲಕ್ಕೆ ಹೋಗುತ್ತಿದ್ದ ಕಾಲುದಾರಿ ಅದು. ವಿರೂಪಣ್ಣನ ಹೊಲದ ಬದುವಿಗೆ ಹೊಂದಿ ಸುಣ್ಣ ಬಳಿದ ಗದ್ದುಗೆ, ಅದರ ಮೇಲೆ ಕರಿಯ ಕಲ್ಲು. ಓದಲು ಕಲಿತ ಹೊಸತರಲ್ಲಿ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಮುಟ್ಟಬ್ಯಾಡ, ಅಲ್ಲಿಂದಲೇ ಓದು, ಎನ್ನುತ್ತಿದ್ದಳು ಆಯಿ. "ಆಧಾರ ಅದ," ಎಂದಳು ವಿಶಾಖಾ. "ಶಿವಬಸಮ್ಮನವರ ಗದ್ದುಗಿ ಮ್ಯಾಲ ಕಲ್ಲದ ಸರ್. ಹೆಸರು, ತಾರೀಖು ಎರಡೂ ಕೆತ್ತ್ಯಾರ. ಫೆಬ್ರವರಿ, 1961. ಇವರೇ ನಿಲ್ಲಿಸಿದ ಕಲ್ಲು. ಸುಳ್ಳಿದ್ರ ಇಲ್ಲ ಅನ್ಲಿ."

ಅಧಿಕಾರಿ ವಿರೂಪಣ್ಣನ ಕಡೆ ನೋಡಿದ. "ಹೌದೇನ್ರಿ? ಕಲ್ಲು ಅದ?"

"ಕಲ್ಲು ಅದ," ಎಂದರು ಅವರು.

"ಗುಂಡಿ ಯಾರು ತೋಡಿದ್ರು?"

ಹೊರಗೆ ಯಾರೋ ಯಾರನ್ನೋ ಕೂಗುತ್ತಿದ್ದರು. ವಿರೂಪಣ್ಣನ ಮುಖದಲ್ಲಿ ಸಿಟ್ಟಿರಲಿಲ್ಲ. ಹಳೆಯದೊಂದು ಸಂಜೆ ಅವರ ಕಣ್ಣಿನೊಳಗೆ ಬಂದು ನಿಂತಿತ್ತು ಎಂದು ವಿಶಾಖಾ ಕಂಡಳು, ಕಂಡು ಕರಗಲಿಲ್ಲ. ಅವರಿಗೆ ಗೊತ್ತಿದೆ. ಸೂಗಪ್ಪ ಎಂಬ ಮೂರು ಅಕ್ಷರ ಅವರ ನಾಲಿಗೆಯ ಮೇಲಿದೆ. ತನ್ನ ತಾಯಿಯನ್ನು ಮಣ್ಣಿಗಿಳಿಸಲು ಜಾಗ ಮಾಡಿದವನ ಹೆಸರನ್ನು ನುಂಗಿಕೊಂಡು, ಅದೇ ಮನುಷ್ಯ ಮಲಗಿದ ಜಾಗಕ್ಕೆ ತಂತಿ ಎಳೆಸಿ, ಇಸ್ತ್ರಿಯ ಧೋತರದಲ್ಲಿ ಕೂತಿದ್ದಾರೆ. ಅವರು ಮಾತಾಡಲಿಲ್ಲ. ವಕೀಲ ಕಾಗದ ಮಡಚತೊಡಗಿದ. ಅಧಿಕಾರಿ ಗಡಿಯಾರ ನೋಡಿ ಟೈಪಿನವನಿಗೆ, "ಮುಂದಿನ ತಾರೀಖು ಹಾಕ್ರಿ," ಎಂದ.

"ಅವರು ಉತ್ತರ ಕೊಡಲಿಲ್ಲ ಅಂತ ಬರೀರಿ," ಎಂದಳು ವಿಶಾಖಾ.

ಟೈಪಿನವನು ತಲೆ ಎತ್ತಿದ. "ಸುಮ್ಮನಿದ್ದದ್ದನ್ನ ಬರಿಯೋ ಪದ್ಧತಿ ಇಲ್ರಿ ಮೇಡಂ. ಏನರೆ ಅಂದ್ರ ಬರಿಯೋದು."

"ಆಯಿ ಏನು ಕೇಳಿದ್ಲು ಅನ್ನೋದು ಬರೀರಿ. ಸಾಹೇಬ್ರು ಮತ್ತೊಮ್ಮಿ ಕೇಳಿದ್ದು ಬರೀರಿ. ಕಲ್ಲು ಅದ ಅಂದಿದ್ದು ಬರೀರಿ. ಅದರ ಮುಂದ, ಯಾರು ತೋಡಿದ್ರು ಅಂತ ಕೇಳಿದ್ದಕ್ಕ ವಿರೂಪಣ್ಣನವರು ಸುಮ್ಮನ ಕುಂತ್ರು ಅಂತ ಬರೀರಿ. ಬರಿಯೋ ತನಕ ನಾ ಇಲ್ಲಿಂದ ಹೋಗಂಗಿಲ್ಲ."

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ಅಧಿಕಾರಿ ಗೋಪಮ್ಮನನ್ನು ಒಮ್ಮೆ ನೋಡಿದ. "ಬರೀರಿ," ಎಂದ. ಕೀಲಿಗಳು ಒಂದೊಂದಾಗಿ ಸದ್ದು ಮಾಡಿದವು. ವಿಶಾಖಾ ಬಗ್ಗಿ ಪರದೆಯ ಮೇಲೆ ಪ್ರತಿ ಅಕ್ಷರ ಬರುವುದನ್ನು ನೋಡಿದಳು. ಒಂದು ಕಡೆ ನಿಲ್ಲಿಸಿ, ಗುಂಡಿ ತೋಡಿದವರು ಎಂದಷ್ಟೇ ಅಲ್ಲ, ಶಿವಬಸಮ್ಮನವರ ಗುಂಡಿ ಎಂದು ಬರೆಸಿದಳು. ಗಟ್ಟಿಯಾಗಿ ಓದಿ ಎಂದಳು. ಟೈಪಿನವನು ಓದಿದ. ಸುಮ್ಮನೆ ಕುಳಿತರು ಎಂಬಲ್ಲಿ ಅವನ ದನಿ ತಾನಾಗಿ ತಗ್ಗಿತು.

ವಿರೂಪಣ್ಣ ಬೆತ್ತ ಊರಿ ಮೆಲ್ಲಗೆ ಮೇಲೆದ್ದರು.

"ಕುಂದರ್ರಿ ಧಣಿ," ಎಂದಳು ಗೋಪಮ್ಮ. "ನಿಮ್ಮ ಅವ್ವನ ಗುಂಡಿದು ಆತು. ನಿಮ್ಮ ಅಪ್ಪಂದು ಇನ್ನ ಕೇಳಿಲ್ಲ."